ಸಂಪಾದಕರ ಉತ್ತರ: ಎಲ್ಲರ ಕೈಯಲ್ಲೂ ಬೈಬಲ್, ಯಾರ ಮಾತು ನಂಬಲಿ?

ದಾವಣಗೆರೆಯ ಓದುಗರೊಬ್ಬರ ಪತ್ರ: "ನಮ್ಮದು ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಸಭೆ. ಅಜ್ಜಿ ಮಾತ್ರ ಕಥೋಲಿಕರು, ಸೆಪ್ಟೆಂಬರ್‌ನಲ್ಲಿ ಹರಿಹರದ ಆರೋಗ್ಯಮಾತೆಯ ಹಬ್ಬ ತಪ್ಪಿಸುವುದಿಲ್ಲ. ಎರಡು ವರ್ಷದಿಂದ ಅಮ್ಮ ಮತ್ತು ನಾನು ಒಂದು ಮನೆಯ ಪ್ರಾರ್ಥನಾ ಕೂಟಕ್ಕೂ ಹೋಗುತ್ತಿದ್ದೇವೆ. ಮಗುವಾಗಿದ್ದಾಗ ಆದ ದೀಕ್ಷಾಸ್ನಾನ ಲೆಕ್ಕಕ್ಕಿಲ್ಲ, ಅನ್ಯಭಾಷೆ (ಪ್ರಾರ್ಥನೆಯಲ್ಲಿ ಆತ್ಮಪ್ರೇರಣೆಯಿಂದ ಬರುವ, ಕಲಿಯದ ಭಾಷೆ) ಆಡದವರಲ್ಲಿ ಪವಿತ್ರಾತ್ಮನಿಲ್ಲ ಎಂದು ಅಲ್ಲಿ ಹೇಳುತ್ತಾರೆ. ಹೊರಊರಿನ ಬೋಧಕರೊಬ್ಬರು, ವಿಶ್ವಾಸವಿದ್ದರೆ ಸಕ್ಕರೆ ಕಾಯಿಲೆಯ ಮಾತ್ರೆ ಯಾಕೆ ಎಂದು ಕೇಳಿದ ಮೇಲೆ ಅಮ್ಮ ಮೂರು ವಾರದಿಂದ ಮಾತ್ರೆ ಬಿಟ್ಟಿದ್ದಾರೆ. ಎಲ್ಲರೂ ವಾಕ್ಯವನ್ನೇ ತೋರಿಸುತ್ತಾರೆ. ಪರೀಕ್ಷಿಸುವುದೇ ಅವಿಶ್ವಾಸವಂತೆ. ನಾನು ಯಾರನ್ನು ನಂಬಲಿ?"

ಪ್ರಿಯ ಸಹೋದರಿ,

ಮೊದಲು ಮಾತ್ರೆಯ ವಿಷಯ. ಪತ್ರ ಓದಿದ ದಿನವೇ ನಿಮಗೆ ಫೋನ್ ಮಾಡಿ, ಅಮ್ಮನನ್ನು ವೈದ್ಯರ ಬಳಿಗೆ ಕರೆದೊಯ್ಯಿರಿ ಎಂದೆ. ಇದೇ ಸ್ಥಿತಿಯಲ್ಲಿರುವ ಬೇರೆ ಮನೆಗಳಿಗಾಗಿ ಇಲ್ಲಿಯೂ ಬರೆಯುತ್ತಿದ್ದೇನೆ. ಅಪೊಸ್ತಲ ಪೌಲನು ರೋಗಿಗಳ ಮೇಲೆ ಕೈಯಿಟ್ಟು ಪ್ರಾರ್ಥಿಸಿದವನು. ಆದರೂ ಪದೇ ಪದೇ ಅಸ್ವಸ್ಥನಾಗುತ್ತಿದ್ದ ತನ್ನ ಶಿಷ್ಯ ತಿಮೊಥೆಗೆ ಹೊಟ್ಟೆಗಾಗಿ ಸ್ವಲ್ಪ ದ್ರಾಕ್ಷಾರಸ ತೆಗೆದುಕೋ ಎಂದು ಬರೆದ. ಜೊತೆಗಾರ ತ್ರೊಫಿಮನನ್ನು ಮಿಲೇತ ಪಟ್ಟಣದಲ್ಲಿ ಕಾಯಿಲೆಯಲ್ಲಿಯೇ ಬಿಟ್ಟು ಹೊರಡಬೇಕಾಯಿತು. ತನ್ನ ಶರೀರದ ಮುಳ್ಳು ತೆಗೆಯೆಂದು ಮೂರು ಸಲ ಬೇಡಿದರೂ ಅದು ಹೋಗಲಿಲ್ಲ. ಇವರಲ್ಲಿ ಯಾರಿಗೆ ವಿಶ್ವಾಸ ಕಡಿಮೆಯಾಗಿತ್ತು? ಅವನ ಜೊತೆಗಿದ್ದ ಲೂಕನನ್ನು ಕೊಲೊಸ್ಸೆಯವರಿಗೆ ಬರೆದ ಪತ್ರದಲ್ಲಿ ಪ್ರಿಯ ವೈದ್ಯನೆಂದೇ ಕರೆದಿದ್ದಾನೆ. ದೇವರು ಗುಣಪಡಿಸುತ್ತಾನೆಂದು ನಾನು ಪೂರ್ಣವಾಗಿ ನಂಬುತ್ತೇನೆ. ಆದರೆ ತಾಯಿಯ ಮಾತ್ರೆ ಕಸಿದುಕೊಳ್ಳುವ ಅಧಿಕಾರವನ್ನು ಯಾವ ವಾಕ್ಯವೂ ಯಾವ ಬೋಧಕನಿಗೂ ಕೊಟ್ಟಿಲ್ಲ.

ಇಷ್ಟು ಖಾರವಾಗಿ ಬರೆಯಲು ಕಾರಣವಿದೆ. ಹಲವು ವರ್ಷಗಳ ಹಿಂದೆ ಇದೇ ಪತ್ರಿಕೆಯಲ್ಲಿ, ಔಷಧಿ ಬಿಟ್ಟು ಪ್ರಾರ್ಥನೆಯಿಂದಲೇ ಗುಣವಾಯಿತೆಂಬ ಒಬ್ಬರ ಸಾಕ್ಷಿಯನ್ನು ವಿಚಾರಿಸದೆ ಅಚ್ಚು ಹಾಕಿದೆ. ನಾಲ್ಕು ತಿಂಗಳಾದ ಮೇಲೆ ಅವರ ಹೆಂಡತಿ ಕಚೇರಿಗೆ ಬಂದರು. ಪತಿ ಆಸ್ಪತ್ರೆಯಲ್ಲಿದ್ದರು. ಆಕೆಯ ಕೈಯಲ್ಲಿ ಆ ಸಂಚಿಕೆ ಇತ್ತು, ಬಾಯಲ್ಲಿ ಒಂದು ಬೈಗುಳವೂ ಇರಲಿಲ್ಲ. ಆ ತಪ್ಪು ನನ್ನದು. ಅಂದಿನಿಂದ ಯಾವ ಸಾಕ್ಷಿಯನ್ನೂ ಮನೆಯವರನ್ನು ವಿಚಾರಿಸದೆ ನಾನು ಪ್ರಕಟಿಸುವುದಿಲ್ಲ.

ಹಾಗಾದರೆ ವಿಚಾರಿಸುವುದು ಅವಿಶ್ವಾಸವೇ? ನಮ್ಮ ಎಪಿಎಂಸಿ ಮಾರುಕಟ್ಟೆಗೆ ಮೆಕ್ಕೆಜೋಳ ಬಂದಾಗ ಚೀಲದ ಬಾಯಿ ನೋಡಿ ಯಾರೂ ಬೆಲೆ ಕಟ್ಟುವುದಿಲ್ಲ. ಒಳಗೆ ಕೈ ಹಾಕಿ ತಳದ ಕಾಳು ತೆಗೆದು, ತೇವ ಎಷ್ಟಿದೆ ಎಂದು ನೋಡುತ್ತಾರೆ. ಒಳ್ಳೆಯ ಕಾಳು ತಂದ ರೈತ ಬೇಡವೆನ್ನುವುದಿಲ್ಲ. ಬೆರೋಯದವರು ಸ್ವತಃ ಪೌಲನ ಬೋಧನೆಯನ್ನೇ ಹೀಗೆ ನೋಡಿದರು: ಅವನು ಹೇಳಿದ್ದು ಹೌದೋ ಅಲ್ಲವೋ ಎಂದು ದಿನವೂ ಶಾಸ್ತ್ರ ತೆರೆದು ಹುಡುಕಿದರು. ಅಪೊಸ್ತಲರ ಕೃತ್ಯಗಳ 17ನೆಯ ಅಧ್ಯಾಯ ಅದಕ್ಕಾಗಿ ಅವರನ್ನು ಹೊಗಳುತ್ತದೆ. ಥೆಸಲೊನೀಕದವರಿಗೆ ಪೌಲ ಬರೆದದ್ದೂ ಇದೇ: ಪ್ರವಾದನೆಗಳನ್ನು ಹೀನೈಸಬೇಡಿ, ಎಲ್ಲವನ್ನೂ ಪರಿಶೋಧಿಸಿ ಒಳ್ಳೆಯದನ್ನು ಹಿಡಿದುಕೊಳ್ಳಿ. ಎರಡೂ ಒಂದೇ ಉಸಿರಿನಲ್ಲಿ ಬಂದಿವೆ. ಸೂಚಕಕಾರ್ಯ, ಅಂದರೆ ಅದ್ಭುತ, ನಡೆಯಿತೆಂದರೆ ಬೋಧನೆಯೂ ನಿಜವಾಗಿರಲೇಬೇಕೆಂದಿಲ್ಲ. ಪ್ರವಾದಿ ಹೇಳಿದ ಗುರುತು ನಡೆದರೂ ಅವನು ಬೇರೆ ದೇವರ ಕಡೆಗೆ ಕರೆದರೆ ಹೋಗಬೇಡಿ ಎನ್ನುತ್ತದೆ ಧರ್ಮೋಪದೇಶಕಾಂಡದ 13ನೆಯ ಅಧ್ಯಾಯ.

ಊರೂರು ಸುತ್ತುವ ಬೋಧಕರ ಸಮಸ್ಯೆಯೂ ಇಂದಿನದಲ್ಲ. 1873ರಲ್ಲಿ ಹಳೆಯ ಹಸ್ತಪ್ರತಿಯೊಂದರಲ್ಲಿ ಸಿಕ್ಕ 'ಡಿಡಖೆ' ಎಂಬ ಆದಿಸಭೆಯ ಕೈಪಿಡಿಯಲ್ಲಿ ಅವರಿಗೆ ಕಟ್ಟಳೆಯೇ ಇದೆ: ಒಂದು ದಿನ, ಬೇಕಾದರೆ ಎರಡು ದಿನ ಉಳಿಯಲಿ, ಮೂರು ದಿನ ಉಳಿದರೆ ಸುಳ್ಳು ಪ್ರವಾದಿ, ಹಣ ಕೇಳಿದರೂ ಸುಳ್ಳು ಪ್ರವಾದಿ. ನಿಮ್ಮ ಕೂಟಕ್ಕೆ ಬಂದವರನ್ನು ನಾನು ಹಾಗೆಂದು ತೀರ್ಪು ಮಾಡುತ್ತಿಲ್ಲ. ಆದರೆ ಬೋಧಕನ ಬಾಯಿಯ ಜೊತೆಗೆ ಅವನ ಬದುಕನ್ನೂ ನೋಡಬೇಕೆಂಬ ತಿಳಿವಳಿಕೆ ಸಭೆಗೆ ಹುಟ್ಟಿನಿಂದಲೇ ಬಂದದ್ದು.

ಇನ್ನು ಉಳಿದ ಭೇದಗಳು. ಎಲ್ಲ ಭೇದಗಳ ತೂಕವೂ ಒಂದೇ ಅಲ್ಲ. ಯೇಸು ಯಾರು, ರಕ್ಷಣೆ ಕೃಪೆಯಿಂದಲೋ ಎಂಬುದರಲ್ಲಿ ಸಡಿಲಿಕೆಗೆ ಜಾಗವಿಲ್ಲ. ಅಂತಿಯೋಕ್ಯದಲ್ಲಿ ಅನ್ಯಜನರ (ಯೆಹೂದ್ಯರಲ್ಲದವರ) ಜೊತೆ ಊಟಕ್ಕೆ ಕೂರದೆ ಹಿಂದೆ ಸರಿದ ಪೇತ್ರನನ್ನು ಪೌಲ ಎದುರಿಗೇ ಆಕ್ಷೇಪಿಸಿದ್ದು ಇದಕ್ಕಾಗಿ. ಅದೇ ಪೌಲ ರೋಮಾಪುರದವರಿಗೆ, ಊಟ ಮತ್ತು ದಿನಗಳ ವಿಷಯದಲ್ಲಿ ಒಬ್ಬರನ್ನೊಬ್ಬರು ತೀರ್ಪು ಮಾಡಬೇಡಿ ಎಂದ. ದೀಕ್ಷಾಸ್ನಾನದ ಬಗ್ಗೆ ನನ್ನ ಅಭಿಪ್ರಾಯ ಕೇಳುವಿರಾದರೆ: ಫಿಲಿಪ್ಪಿಯಲ್ಲಿ ಲುದ್ಯಳೂ ಸೆರೆಮನೆಯ ಅಧಿಕಾರಿಯೂ ಮನೆಮಂದಿಯೊಂದಿಗೆ ಸ್ನಾನ ಪಡೆದರು. ಮನೆಯಲ್ಲಿ ಕೂಸುಗಳಿದ್ದವೋ ಇಲ್ಲವೋ, ಅಲ್ಲಿ ಬರೆದಿಲ್ಲ. ಬರೆಯದಿರುವ ವಿಷಯ ಹಿಡಿದು ನಿಮ್ಮ ದೀಕ್ಷಾಸ್ನಾನವನ್ನು ಅಳಿಸಿಹಾಕುವುದು ಒಪ್ಪತಕ್ಕದ್ದಲ್ಲ. ಅನ್ಯಭಾಷೆಗೆ ಉತ್ತರ ಸುಲಭ. ಎಲ್ಲರೂ ಆಡುತ್ತಾರೆಯೇ ಎಂದು ಕೊರಿಂಥದವರನ್ನು ಕೇಳಿದ ಪೌಲನೇ, ಆಡುವವರನ್ನು ತಡೆಯಬೇಡಿ ಎಂದೂ ಬರೆದ.

ಭೇದವಿದ್ದರೂ ಕೂಡಿ ಬಾಳಬಹುದು ಎನ್ನಲು ದೂರ ಹೋಗಬೇಕಿಲ್ಲ, ನಿಮ್ಮ ಸಭೆಯನ್ನೇ ನೋಡಿ. ಬಿಷಪ್ಪರು ಬೇಕೆನ್ನುವ ಆಂಗ್ಲಿಕನ್ನರೂ ಬಿಷಪ್ಪರಿಲ್ಲದೆ ಬಾಳಿದ ಪ್ರೆಸ್ಬಿಟೇರಿಯನ್ನರೂ, ಜೊತೆಗೆ ಮೆಥೊಡಿಸ್ಟರು, ಕಾಂಗ್ರಿಗೇಶನಲಿಸ್ಟರು ಒಂದೇ ಸಭೆಯಾದರು. 1919ರಲ್ಲಿ ತಮಿಳುನಾಡಿನ ತರಂಗಂಬಾಡಿಯಲ್ಲಿ ಆರಂಭವಾದ ಮಾತುಕತೆ ಮುಗಿದು ಸಿ.ಎಸ್.ಐ. ಸ್ಥಾಪನೆಯಾದದ್ದು 1947ರ ಸೆಪ್ಟೆಂಬರ್ 27ರಂದು. ಇಪ್ಪತ್ತೆಂಟು ವರ್ಷ ಕೂತು ಮಾತಾಡಿದ ಹಿರಿಯರ ತಾಳ್ಮೆಯನ್ನು ನೆನೆದಾಗಲೆಲ್ಲ ನನ್ನ ಕಣ್ಣು ತುಂಬುತ್ತದೆ.

ಅಜ್ಜಿಯ ಬಗ್ಗೆ ನೀವು ಏನನ್ನೂ ಕೇಳಿಲ್ಲ. ಆದರೆ ಆ ಕೂಟದಲ್ಲಿ ಅವರ ಬಗ್ಗೆ ಏನು ಹೇಳಿರಬಹುದೆಂದು ಊಹಿಸಬಲ್ಲೆ. ಮರಿಯಮಾತೆಯ ಬಳಿ ಬೇಡುವ ವಿಷಯದಲ್ಲಿ ನಿಮಗೂ ಅವರಿಗೂ ನಿಜವಾದ ಭೇದವಿದೆ, ಅದನ್ನು ಮುಚ್ಚಿಡಬೇಕಿಲ್ಲ. ಒಂದು ಸಂಜೆ ಅವರ ಪಕ್ಕದಲ್ಲಿ ಕುಳಿತು ನಿಸೇಯ ವಿಶ್ವಾಸಪ್ರಮಾಣವನ್ನು ಇಬ್ಬರೂ ಹೇಳಿಕೊಳ್ಳಿ. 325 ಮತ್ತು 381ರ ಮಹಾಸಭೆಗಳಿಂದ ಬಂದದ್ದು ಅದು. ಅವರ ಪೂಜೆಯಲ್ಲೂ ನಿಮ್ಮ ಆರಾಧನೆಯಲ್ಲೂ ಇದೆ. ಮಾತುಗಳು ಎಲ್ಲಿ ಕೂಡುತ್ತವೆ, ಎಲ್ಲಿ ಬೇರೆಯಾಗುತ್ತವೆ ಎಂದು ಅವರನ್ನೇ ಕೇಳಿ.

ಅಮ್ಮನ ರಕ್ತಪರೀಕ್ಷೆ ಆದ ಕೂಡಲೇ ಫಲಿತಾಂಶ ತಿಳಿಸಿ. ಮುಂದಿನ ಭಾನುವಾರ ನಾನು ಅತ್ತ ಬರುತ್ತೇನೆ. ಅವರೊಂದಿಗೆ ಕುಳಿತು ಪ್ರಾರ್ಥಿಸುವ ಆಸೆಯಿದೆ.

ಕರ್ತನ ಸೇವೆಯಲ್ಲಿ,
ಸಂಪಾದಕ