ಹಾರಲಾರದ ಸೂಪರ್‌ಹೀರೋ: ನಕ್ಕವರು ಮತ್ತು ನಗದವರು

2008ರಲ್ಲಿ ತೆರೆಗೆ ಬಂದ ‘ಸೂಪರ್‌ಹೀರೋ ಮೂವಿ’ ಎಂಬ ಇಂಗ್ಲಿಷ್ ಅಣಕ ಚಿತ್ರವನ್ನು ನೋಡಿದ ಓದುಗರು ತಮ್ಮ ಅಭಿಪ್ರಾಯವನ್ನು ಬರೆದು ಕಳುಹಿಸಬೇಕೆಂದು ಕಳೆದ ಸಂಚಿಕೆಯಲ್ಲಿ ಕೇಳಿಕೊಂಡಿದ್ದೆವು. ಮಂಗಳೂರು, ಉಡುಪಿಯ ಸುತ್ತಮುತ್ತಲಿಂದ ಬಂದ ಪತ್ರಗಳಲ್ಲಿ ಅಭಿಪ್ರಾಯಗಳಿಗಿಂತ ಪ್ರಶ್ನೆಗಳೇ ಹೆಚ್ಚಾಗಿದ್ದುದರಿಂದ ಈ ಬಾರಿಯ ಅಂಕಣವನ್ನು ಪೂರ್ತಿಯಾಗಿ ಅವುಗಳಿಗೇ ಬಿಟ್ಟುಕೊಟ್ಟಿದ್ದೇವೆ. ಚಿತ್ರ ನೋಡದವರಿಗಾಗಿ ಎರಡು ಮಾತು: ರಿಕ್ ರೈಕರ್ ಎಂಬ ಪೆಚ್ಚು ಹುಡುಗನಿಗೆ ಪ್ರಯೋಗಾಲಯದ ಏರೋಪ್ಲೇನ್ ಚಿಟ್ಟೆಯೊಂದು ಕಚ್ಚಿ ಅಸಾಮಾನ್ಯ ಶಕ್ತಿ ಬರುತ್ತದೆ, ಆತ ‘ಡ್ರ್ಯಾಗನ್‌ಫ್ಲೈ’ ಎಂಬ ಹೆಸರಿನಲ್ಲಿ ವೇಷ ತೊಟ್ಟು ಊರು ಕಾಯಲು ಹೊರಡುತ್ತಾನೆ, ಆದರೆ ಹಾರಲು ಮಾತ್ರ ಅವನಿಗೆ ಬರುವುದಿಲ್ಲ. ನಿರ್ದೇಶಕರು ಕ್ರೇಗ್ ಮೇಜಿನ್, ನಾಯಕನ ಪಾತ್ರದಲ್ಲಿ ಡ್ರೇಕ್ ಬೆಲ್, ಚಿಕ್ಕಪ್ಪನ ಪಾತ್ರದಲ್ಲಿ ಲೆಸ್ಲಿ ನೀಲ್ಸನ್ ಇದ್ದಾರೆ.

ಪ್ರಶ್ನೆ: ಹಾಸ್ಟೆಲಿನಲ್ಲಿ ಗೆಳೆಯರೆಲ್ಲ ಸೇರಿ ಈ ಚಿತ್ರ ನೋಡಿದಾಗ ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದೆವು. ರಜೆಯಲ್ಲಿ ಮನೆಗೆ ಬಂದು ಅಪ್ಪ, ಅಮ್ಮನ ಜೊತೆ ಅದನ್ನೇ ನೋಡಿದರೆ ಅವರು ನಗಲಿಲ್ಲ, ಕೊನೆಗೆ ನನಗೂ ನಗು ಬರಲಿಲ್ಲ. ಚಿತ್ರ ಒಂದೇ ಅಲ್ಲವೇ?
– ವಿದ್ಯಾರ್ಥಿ, ಮಣಿಪಾಲ

ಉತ್ತರ: ಚಿತ್ರ ಒಂದೇ. ಆದರೆ ಅಣಕ ಚಿತ್ರದ ಅರ್ಧ ಮಾತ್ರ ತೆರೆಯ ಮೇಲಿರುತ್ತದೆ, ಉಳಿದರ್ಧವನ್ನು ಪ್ರೇಕ್ಷಕರು ತಮ್ಮ ನೆನಪಿನಿಂದ ತುಂಬಿಕೊಳ್ಳಬೇಕಾಗುತ್ತದೆ. ಇದರ ಬೆನ್ನೆಲುಬು 2002ರ ‘ಸ್ಪೈಡರ್‌ಮ್ಯಾನ್’. ಹುಳದ ಕಡಿತ, ಮನಸೆಳೆದ ಪಕ್ಕದ ಮನೆಯ ಹುಡುಗಿ, ಸಾಕಿ ಬೆಳೆಸಿದ ಚಿಕ್ಕಪ್ಪ ಚಿಕ್ಕಮ್ಮ, ಪ್ರಯೋಗ ಕೈಮೀರಿ ಖಳನಾಗುವ ಉದ್ಯಮಿ, ಎಲ್ಲವೂ ಅಲ್ಲಿಂದ ಬಂದವು. ಓಣಿಯಲ್ಲಿ ತಂದೆತಾಯಿಯನ್ನು ಕಳೆದುಕೊಳ್ಳುವ ಬಾಲಕನ ದೃಶ್ಯವನ್ನು ಬ್ಯಾಟ್‌ಮ್ಯಾನ್ ಕಥೆಯಿಂದಲೂ, ವಿಶೇಷ ಶಕ್ತಿಯುಳ್ಳವರನ್ನು ಸೇರಿಸಿಕೊಳ್ಳುವ ಪ್ರೊಫೆಸರರ ಶಾಲೆಯನ್ನು ‘ಎಕ್ಸ್-ಮೆನ್’ನಿಂದಲೂ ಎತ್ತಿಕೊಳ್ಳಲಾಗಿದೆ. ಇವನ್ನೆಲ್ಲ ನೋಡಿ ಬೆಳೆದ ನಿಮ್ಮ ಗೆಳೆಯರಿಗೆ ಪ್ರತಿ ದೃಶ್ಯವೂ ಪರಿಚಿತರನ್ನು ಕಂಡಂತೆ ತೋರಿರಬೇಕು. ನಿಮ್ಮ ತಂದೆತಾಯಿಯವರಿಗೆ ಕಂಡದ್ದು ಗೋಡೆಗೆ ಡಿಕ್ಕಿ ಹೊಡೆಯುವ ಹುಡುಗ ಮಾತ್ರ.

ಜೊತೆಗೂಡಿ ನೋಡುವುದರ ಪಾಲೂ ಇದರಲ್ಲಿದೆ. ಈ ಬಗೆಯ ಚಿತ್ರಗಳಲ್ಲಿ ಹಾಸ್ಯದ ತುಣುಕುಗಳು ಒಂದರ ಬೆನ್ನಿಗೆ ಒಂದರಂತೆ ಬರುತ್ತವೆ, ಅವುಗಳಲ್ಲಿ ಹಲವು ಸಪ್ಪೆಯಾಗಿಯೂ ಇರುತ್ತವೆ. ಗುಂಪಿನಲ್ಲಿ ಒಳ್ಳೆಯ ತುಣುಕಿಗೆ ಎದ್ದ ನಗು ಮುಂದಿನ ಎರಡು ಸಪ್ಪೆ ತುಣುಕುಗಳನ್ನು ಮುಚ್ಚಿಬಿಡುತ್ತದೆ. ಮೌನವಾದ ಕೋಣೆಯಲ್ಲಿ ಆ ಎರಡೂ ಪೂರ್ತಿಯಾಗಿ ಕಿವಿಗೆ ಬೀಳುತ್ತವೆ. ಆದುದರಿಂದ ಹಾಸ್ಯಚಿತ್ರದ ಬಗ್ಗೆ ಯಾರಾದರೂ ಅಭಿಪ್ರಾಯ ಹೇಳಿದರೆ ‘ಎಲ್ಲಿ, ಯಾರ ಜೊತೆ ನೋಡಿದಿರಿ’ ಎಂದು ಕೇಳುವುದು ನನಗೆ ಅಭ್ಯಾಸವಾಗಿಬಿಟ್ಟಿದೆ.

ಪ್ರಶ್ನೆ: ಮೂಲ ಗೊತ್ತಿಲ್ಲದವರಿಗೆ ನಗು ಬರುವುದಿಲ್ಲ ಎಂಬ ಸಮರ್ಥನೆ ನನಗೆ ಒಪ್ಪಿಗೆಯಿಲ್ಲ. ನಾನು ಆ ಮೂಲ ಚಿತ್ರಗಳನ್ನೆಲ್ಲ ಬಲ್ಲೆ. ಆದರೂ ಚಿಕ್ಕಪ್ಪನ ಪಾತ್ರದ ದೃಶ್ಯಗಳನ್ನು ಬಿಟ್ಟರೆ ಉಳಿದೆಡೆ ಬೇಸರವೇ ಆಯಿತು. ಇದಕ್ಕೇನು ಹೇಳುತ್ತೀರಿ?
– ನಿವೃತ್ತ ಅಧ್ಯಾಪಕರು, ಉಡುಪಿ

ಉತ್ತರ: ತಮ್ಮ ಆಕ್ಷೇಪ ನ್ಯಾಯವಾದುದು, ತಾವು ಬಿಟ್ಟುಕೊಟ್ಟ ಆ ಒಂದು ವಿನಾಯಿತಿಯಲ್ಲೇ ಉತ್ತರವೂ ಇದೆ. ಲೆಸ್ಲಿ ನೀಲ್ಸನ್ (1926–2010) ಮೂಲತಃ ಹಾಸ್ಯನಟರಲ್ಲ, ದಶಕಗಳ ಕಾಲ ಗಂಭೀರ ಪಾತ್ರಗಳನ್ನೇ ಮಾಡಿದ್ದವರು. 1980ರ ‘ಏರ್‌ಪ್ಲೇನ್!’ ಚಿತ್ರಕ್ಕೆ ಜಿಮ್ ಅಬ್ರಹಾಮ್ಸ್ ಮತ್ತು ಝಕರ್ ಸಹೋದರರು ಬೇಕೆಂದೇ ಅಂತಹ ಗಂಭೀರ ನಟರನ್ನು ಆರಿಸಿ, ತಾವೊಂದು ಹಾಸ್ಯಚಿತ್ರದಲ್ಲಿದ್ದೇವೆ ಎಂಬ ಸುಳಿವೇ ಮುಖದ ಮೇಲೆ ಕಾಣದಂತೆ ನಟಿಸಲು ಹೇಳಿದರು. ಆ ಸಹೋದರರಲ್ಲಿ ಒಬ್ಬರಾದ ಡೇವಿಡ್ ಝಕರ್ ಅವರೇ ನಾವೀಗ ಮಾತನಾಡುತ್ತಿರುವ ಚಿತ್ರದ ನಿರ್ಮಾಪಕರಲ್ಲೊಬ್ಬರು. ‘ಏರ್‌ಪ್ಲೇನ್!’ ಅಣಕಿಸಿದ್ದು 1957ರ ‘ಝೀರೋ ಅವರ್!’ ಎಂಬ ವಿಮಾನಾಪತ್ತಿನ ಚಿತ್ರವನ್ನು. ಅದರ ಹಕ್ಕನ್ನೇ ಕೊಂಡು, ಕಥೆಯನ್ನೂ ಅನೇಕ ಮಾತುಗಳನ್ನೂ ಬಹುತೇಕ ಹಾಗೆಯೇ ಉಳಿಸಿಕೊಂಡರು. 1980ರ ಹೊತ್ತಿಗೆ ಆ ಹಳೆಯ ಚಿತ್ರ ಹೆಚ್ಚಿನವರ ನೆನಪಿನಿಂದ ಮರೆಯಾಗಿತ್ತು, ಆದರೂ ಜನ ಬಿದ್ದು ಬಿದ್ದು ನಕ್ಕರು, ಇಂದಿಗೂ ನಗುತ್ತಾರೆ.

ಇದರಿಂದ ನನಗೆ ತೋರುವುದು ಇಷ್ಟು. ಒಳ್ಳೆಯ ಅಣಕದಲ್ಲಿ ಮೂಲದ ಪರಿಚಯ ನಗುವನ್ನು ಹೆಚ್ಚಿಸುತ್ತದೆಯೇ ಹೊರತು ನಗುವಿಗೆ ಆಧಾರವಾಗಿರುವುದಿಲ್ಲ. ಆಧಾರವಾಗಿರುವುದು ಅಸಂಬದ್ಧ ಲೋಕವೊಂದನ್ನು ಪಾತ್ರಗಳು ಪೂರ್ತಿಯಾಗಿ ನಂಬಿ ಬದುಕುವ ರೀತಿ. ಯಕ್ಷಗಾನ ನೋಡಿ ಬೆಳೆದ ನಮಗೆ ಇದು ಹೊಸದೇನಲ್ಲ. ದೂತನಾಗಿ ಬಂದ ಹಾಸ್ಯಗಾರ ರಾಜನ ಮಾತನ್ನೇ ತಿರುಚಿ ಸಭೆಯನ್ನು ನಗಿಸುತ್ತಿರುವಾಗ ಕಿರೀಟ ವೇಷದವರು ತಮ್ಮ ಗತ್ತನ್ನು ಬಿಟ್ಟು ತಾವೂ ನಗತೊಡಗಿದರೆ ಆ ಹಾಸ್ಯ ಅಲ್ಲಿಗೇ ಕುಸಿಯುತ್ತದೆ. ‘ಸೂಪರ್‌ಹೀರೋ ಮೂವಿ’ಯಲ್ಲಿ ನೀಲ್ಸನ್ ಅವರು ಈ ಗತ್ತನ್ನು ಕೊನೆಯವರೆಗೂ ಕಾಪಾಡುತ್ತಾರೆ. ಎಂತಹ ಹುಚ್ಚು ಮಾತನ್ನೂ ಹಿರಿಯರೊಬ್ಬರು ಬುದ್ಧಿ ಹೇಳುವ ಧಾಟಿಯಲ್ಲೇ ಆಡುತ್ತಾರೆ. ಡ್ರೇಕ್ ಬೆಲ್ ಕೂಡ ಬಹುಮಟ್ಟಿಗೆ ಸಂಯಮದಿಂದಲೇ ನಟಿಸಿದ್ದಾರೆಂದು ನನ್ನ ಅಭಿಪ್ರಾಯ. ಅದನ್ನು ಗುರುತಿಸಿ ಬರೆದ ಓದುಗರು ಕಡಿಮೆ. ತಮಗೆ ಬೇಸರವಾದ ಕಡೆಗಳನ್ನು ಇನ್ನೊಮ್ಮೆ ನೆನಪಿಸಿಕೊಂಡು ನೋಡಿ: ಅಲ್ಲೆಲ್ಲ ಚಿತ್ರವು ತಮಾಷೆ ಮಾಡುವುದನ್ನು ಬಿಟ್ಟು ‘ಇದು ಯಾವ ಸಿನಿಮಾದ್ದು, ಹೇಳಿ ನೋಡೋಣ’ ಎಂದು ಪ್ರೇಕ್ಷಕರಿಗೆ ಬೆರಳು ತೋರಿಸುತ್ತಿರುತ್ತದೆ. ಗುರುತಿಸುವಿಕೆಯೇ ಹಾಸ್ಯವೆಂದು ನಂಬಿದ ಚಿತ್ರಗಳು ಆ ವರ್ಷ ಹಾಲಿವುಡ್ಡಿನಲ್ಲಿ ಇನ್ನೂ ಬಂದಿದ್ದವು, ಅವುಗಳ ಮುಂದೆ ಇದು ಎಷ್ಟೋ ವಾಸಿ.

ಪ್ರಶ್ನೆ: ಎಂತ ಮಾರಾಯ್ರೆ, ಇದರಲ್ಲಿ ಟಾಮ್ ಕ್ರೂಸ್‌ನಂತೆ ಕಾಣುವ ಒಬ್ಬ ಬಂದು ಹುಚ್ಚುಚ್ಚಾಗಿ ನಗುತ್ತಾನೆ. ಅದರಲ್ಲಿ ನಗುವಂಥದ್ದು ಏನಿದೆ?
– ಸುರತ್ಕಲ್‌ನ ಓದುಗರು

ಉತ್ತರ: ಈಗ ಏನೂ ಇಲ್ಲ. 2008ರ ಜನವರಿಯಲ್ಲಿ ಟಾಮ್ ಕ್ರೂಸ್ ತಮ್ಮ ಸೈಂಟಾಲಜಿ ಪಂಥದ ಬಗ್ಗೆ ಆವೇಶದಿಂದ ಮಾತನಾಡಿದ ವಿಡಿಯೊ ಒಂದು ಸೋರಿಕೆಯಾಗಿ ಲೋಕವೆಲ್ಲ ಅದನ್ನು ನೋಡಿತ್ತು. ಮಾರ್ಚ್ 28ರಂದು ಬಿಡುಗಡೆಯಾದ ಈ ಚಿತ್ರ ಅದನ್ನು ಬಿಸಿಬಿಸಿಯಾಗಿ ಬಳಸಿಕೊಂಡಿತು. ಸುದ್ದಿಯ ಬೆನ್ನು ಹತ್ತಿದ ಹಾಸ್ಯಕ್ಕೆ ಸುದ್ದಿಯಷ್ಟೇ ಆಯಸ್ಸು.

ಇದಕ್ಕಿಂತ ದೊಡ್ಡ ಪೆಟ್ಟು ಇನ್ನೊಂದಿದೆ. ಈ ಚಿತ್ರ ಬಂದ ಮೇಲೆ ಒಂದು ತಿಂಗಳು ಕಳೆಯುತ್ತಿದ್ದಂತೆ, ಮೇ 2ರಂದು, ಅಮೆರಿಕದಲ್ಲಿ ‘ಐರನ್ ಮ್ಯಾನ್’ ತೆರೆಕಂಡು, ಒಂದರ ಕಥೆ ಇನ್ನೊಂದಕ್ಕೆ ಹೆಣೆದುಕೊಳ್ಳುವ ಮಾರ್ವೆಲ್ ಚಿತ್ರಗಳ ಸಾಲು ಆರಂಭವಾಯಿತು. ಅಂದರೆ, ಇಂದಿನ ಹುಡುಗರು ಸೂಪರ್‌ಹೀರೋ ಎಂದೊಡನೆ ನೆನೆಯುವ ಯಾವುದನ್ನೂ ಈ ಅಣಕ ಕಂಡೇ ಇರಲಿಲ್ಲ. ಆ ಸಾಲಿನ ನಾಯಕರು ತಮ್ಮನ್ನು ತಾವೇ ಗೇಲಿ ಮಾಡಿಕೊಳ್ಳುವುದನ್ನೂ ಕಲಿತರು. 2016ರ ‘ಡೆಡ್‌ಪೂಲ್’ ಅಂತೂ ನೇರವಾಗಿ ಪ್ರೇಕ್ಷಕರ ಕಡೆ ತಿರುಗಿ ಸೂಪರ್‌ಹೀರೋ ಚಿತ್ರಗಳನ್ನೇ ಹಾಸ್ಯ ಮಾಡಿತು. ಮೂಲವೇ ತನ್ನನ್ನು ಅಣಕಿಸಿಕೊಳ್ಳತೊಡಗಿದ ಮೇಲೆ ಹೊರಗಿನಿಂದ ಅಣಕಿಸುವವರಿಗೆ ಕೆಲಸ ಕಡಿಮೆಯಾಗುವುದು ಸಹಜ.

ಪ್ರಶ್ನೆ: ವಿಮರ್ಶೆಗಳನ್ನು ಒಟ್ಟುಗೂಡಿಸುವ ‘ರಾಟನ್ ಟೊಮ್ಯಾಟೋಸ್’ ಮುಂತಾದ ಕಡೆ ಕಾಣುವ ಶೇಕಡಾವಾರು ಅಂಕಗಳನ್ನು ನಂಬಿ ಇಂತಹ ಚಿತ್ರಗಳನ್ನು ಆರಿಸಬಹುದೇ?
– ಬ್ಯಾಂಕ್ ಉದ್ಯೋಗಿ, ಕದ್ರಿ

ಉತ್ತರ: ತಾವು ಲೆಕ್ಕದವರಾದುದರಿಂದ ಆ ಶೇಕಡಾ ಯಾವುದರದ್ದೆಂದು ಮೊದಲು ನೋಡಬೇಕು. ಅಲ್ಲಿ ವಿಮರ್ಶಕರ ಹೆಸರಿನಲ್ಲಿ ಕಾಣುವ ಸಂಖ್ಯೆಯು ಚಿತ್ರಕ್ಕೆ ಸಿಕ್ಕ ಅಂಕವಲ್ಲ, ‘ಪರವಾಗಿಲ್ಲ, ನೋಡಬಹುದು’ ಎಂದವರ ಪ್ರಮಾಣ. ಎಲ್ಲರೂ ಸಾಧಾರಣವಾಗಿ ಮೆಚ್ಚಿದ ಚಿತ್ರಕ್ಕೆ 100 ಬರಬಹುದು. ಅರ್ಧ ಜನ ತಲೆಯ ಮೇಲೆ ಹೊತ್ತು, ಅರ್ಧ ಜನ ಎದ್ದುಹೋದ ಚಿತ್ರಕ್ಕೆ 50 ಬರುತ್ತದೆ. ಅಣಕ ಚಿತ್ರಗಳು ಸ್ವಭಾವದಿಂದಲೇ ಪ್ರೇಕ್ಷಕರನ್ನು ಒಡೆಯುವುದರಿಂದ ಅವುಗಳ ವಿಷಯದಲ್ಲಿ ಈ ಸಂಖ್ಯೆ ಹೇಳುವುದಕ್ಕಿಂತ ಮರೆಮಾಚುವುದೇ ಹೆಚ್ಚು. ಅಮೆರಿಕದ ‘ಸಿನೆಮಾಸ್ಕೋರ್’ ಸಂಸ್ಥೆ ಬಿಡುಗಡೆಯ ರಾತ್ರಿಯೇ ಚಿತ್ರಮಂದಿರಕ್ಕೆ ಬಂದವರ ಅಭಿಪ್ರಾಯ ಕೇಳಿ ದರ್ಜೆ ಕೊಡುತ್ತದೆ. ಮೊದಲ ದಿನವೇ ಹಣ ಕೊಟ್ಟು ಹೋದವರು ಮೆಚ್ಚುವ ಮನಸ್ಸಿನಿಂದಲೇ ಹೋಗಿರುತ್ತಾರೆ ಎಂಬುದನ್ನು ಅಲ್ಲಿ ಮರೆಯಬಾರದು. ನನ್ನ ಮಟ್ಟಿಗೆ, ಯಾವ ದೃಶ್ಯಕ್ಕೆ ನಕ್ಕೆ ಎಂದು ಹೇಳಬಲ್ಲ ಒಬ್ಬರ ನಾಲ್ಕು ಸಾಲು ಈ ಸಂಖ್ಯೆಗಳಿಗಿಂತ ಹೆಚ್ಚು ಉಪಯುಕ್ತ. ‘ಸೂಪರ್ ಕಾಮಿಡಿ’ ಎಂದೋ ‘ದುಡ್ಡು ದಂಡ’ ಎಂದೋ ಬರೆದು ನಿಲ್ಲಿಸಿದ ಪತ್ರಗಳನ್ನು ನಾವು ಈ ಬಾರಿ ಪ್ರಕಟಿಸದಿರುವುದಕ್ಕೆ ಇದೇ ಕಾರಣ.

ಪ್ರಶ್ನೆ: ಸೂಪರ್‌ಹೀರೋ ಎಂದು ಕೇಳಿ ನನ್ನ ಹತ್ತು ವರ್ಷದ ಮಗ ಹಟ ಹಿಡಿದಿದ್ದಾನೆ. ತೋರಿಸಬಹುದೇ?
– ಗೃಹಿಣಿ, ಕುಂದಾಪುರ

ಉತ್ತರ: ಬೇಡ. ಅಮೆರಿಕದಲ್ಲಿ ಇದಕ್ಕೆ ಪಿಜಿ-13 ದರ್ಜೆ ಸಿಕ್ಕಿದೆ, ಅಂದರೆ 13ಕ್ಕಿಂತ ಕೆಳಗಿನವರ ಹೆತ್ತವರು ಎಚ್ಚರ ವಹಿಸಬೇಕು ಎಂದರ್ಥ. ನಮ್ಮಲ್ಲೂ 2023ರ ತಿದ್ದುಪಡಿಯ ನಂತರ ಯು/ಎ ದರ್ಜೆಯನ್ನು 7, 13 ಮತ್ತು 16 ವರ್ಷಗಳ ಪ್ರಕಾರ ವಿಂಗಡಿಸಲಾಗಿರುವುದರಿಂದ ಹೊಸ ಚಿತ್ರಗಳ ಮಟ್ಟಿಗೆ ತಮ್ಮಂಥವರ ನಿರ್ಧಾರ ಸುಲಭವಾಗಿದೆ. ಇದರಲ್ಲಿ ಶೌಚದ ಹಾಸ್ಯವೂ ಅಶ್ಲೀಲ ಸೂಚನೆಗಳೂ ಸಾಕಷ್ಟಿವೆ. ಮಕ್ಕಳು ಶೌಚದ ಹಾಸ್ಯಕ್ಕೆ ನಮಗಿಂತ ಚೆನ್ನಾಗಿ ನಗುತ್ತಾರೆ, ಅದು ಬೇರೆ ಮಾತು.

ನನಗೆ ನಿಜವಾಗಿ ಅಸಮಾಧಾನ ತಂದದ್ದು ಬೇರೊಂದು. ಸ್ಟೀಫನ್ ಹಾಕಿಂಗ್ ಅವರನ್ನು ಪಾತ್ರವಾಗಿಸಿ, ಚಕ್ರಕುರ್ಚಿಯಲ್ಲಿ ಕುಳಿತವರ ಅಸಹಾಯಕತೆಯನ್ನೇ ಮತ್ತೆ ಮತ್ತೆ ನಗೆಗೆ ಬಳಸಲಾಗಿದೆ. ಕಟ್ಟುಮಸ್ತಾದ, ಎಂದೂ ಸೋಲದ, ತನ್ನ ತ್ಯಾಗದ ಬಗ್ಗೆ ತಾನೇ ಭಾಷಣ ಮಾಡುವ ನಾಯಕನನ್ನು ಕೆಳಗಿಳಿಸುವುದಕ್ಕೆಂದು ಹುಟ್ಟಿದ ಪ್ರಕಾರವು ದುರ್ಬಲರ ದೇಹದ ಕಡೆ ತಿರುಗಿದಾಗ ತನ್ನ ಗುರಿಯನ್ನೇ ಕಳೆದುಕೊಳ್ಳುತ್ತದೆ. ಪತ್ರ ಬರೆದವರಲ್ಲಿ ಚಿತ್ರವನ್ನು ಮೆಚ್ಚಿದವರೂ ಈ ದೃಶ್ಯಗಳ ಬಗ್ಗೆ ಇರಿಸುಮುರಿಸು ತೋರಿದ್ದಾರೆಂಬುದು ಸಮಾಧಾನದ ಸಂಗತಿ.

ಪ್ರಶ್ನೆ: ಇನ್ನೊಬ್ಬರ ಕಥೆಯನ್ನು ಹೀಗೆ ಎತ್ತಿಕೊಳ್ಳುವುದು ಕೃತಿಚೌರ್ಯವಲ್ಲವೇ?
– ಓದುಗರು, ಕಾರ್ಕಳ

ಉತ್ತರ: ಅಮೆರಿಕದ ಸುಪ್ರೀಂ ಕೋರ್ಟ್ 1994ರಲ್ಲಿ, ಹಣ ಮಾಡುವ ಉದ್ದೇಶದ ಅಣಕವೂ ನ್ಯಾಯೋಚಿತ ಬಳಕೆ ಆಗಬಹುದೆಂದು ಹೇಳಿದೆ. ನಮ್ಮ 1957ರ ಕೃತಿಸ್ವಾಮ್ಯ ಕಾಯಿದೆಯ 52ನೆಯ ಕಲಮು ವಿಮರ್ಶೆಗಾಗಿ ಮಾಡುವ ನ್ಯಾಯೋಚಿತ ಬಳಕೆಗೆ ಅವಕಾಶ ಕೊಡುತ್ತದೆ, ಅಣಕವನ್ನು ಹೆಸರಿಸಿ ಹೇಳುವುದಿಲ್ಲ. ಅಂದಹಾಗೆ, ಸೂಪರ್‌ಹೀರೋಗಳ ಅಣಕ ಹೊಸತೇನೂ ಅಲ್ಲ; 1938ರಲ್ಲಿ ಹುಟ್ಟಿದ ಸೂಪರ್‌ಮ್ಯಾನ್‌ನನ್ನು ‘ಮ್ಯಾಡ್’ ಪತ್ರಿಕೆ 1953ರಲ್ಲೇ ಗೇಲಿ ಮಾಡಿತ್ತು.

ಪ್ರಶ್ನೆ: ತುಳುವಿನಲ್ಲೋ ಕನ್ನಡದಲ್ಲೋ ಇಂತಹ ಚಿತ್ರ ಬಂದರೆ ನಮ್ಮ ಪ್ರೇಕ್ಷಕರು ಸ್ವೀಕರಿಸಿಯಾರೇ?
– ಹವ್ಯಾಸಿ ರಂಗನಟರು, ಮಂಗಳೂರು

ಉತ್ತರ: ರೆಕ್ಕೆ, ಮುಖವಾಡಗಳ ನಾಯಕನನ್ನು ಅಣಕಿಸಿದರೆ ನಮ್ಮ ಹಿರಿಯ ಪ್ರೇಕ್ಷಕರಿಗೆ ಹಿಡಿಸಲಾರದು, ಏಕೆಂದರೆ ಆ ಮೂಲ ಅವರದಲ್ಲ. ನಮಗೆ ನಮ್ಮದೇ ಸೂಪರ್‌ಹೀರೋಗಳಿದ್ದಾರೆ: ಎಂಟ್ರಿಯಲ್ಲಿ ಮೊದಲು ಬೂಟು, ಆಮೇಲೆ ಬೆನ್ನು, ಕೊನೆಗೆ ಮುಖ ತೋರಿಸುವವರು; ಒಂದೇಟಿಗೆ ಹತ್ತು ರೌಡಿಗಳನ್ನು ಜೀಪಿನ ಸಮೇತ ಗಾಳಿಗೆ ಹಾರಿಸುವವರು; ಗುಂಡು ತಗುಲಿದ ಮೇಲೂ ಪೂರ್ತಿ ಒಂದು ಪುಟ ಸಂಭಾಷಣೆ ಹೇಳುವವರು. ಇವರನ್ನು ಎಲ್ಲ ವಯಸ್ಸಿನವರೂ ಬಲ್ಲರು.

ತುಳು ಚಿತ್ರರಂಗ 1971ರಲ್ಲಿ ಆರಂಭವಾಗಿದ್ದರೂ ಈಚಿನ ದಶಕಗಳಲ್ಲಿ ಅದಕ್ಕೆ ಬಲ ಬಂದದ್ದು ರಂಗಭೂಮಿಯ ಹಾಸ್ಯದಿಂದ. ನವೀನ್ ಡಿ. ಪಡೀಲ್, ಭೋಜರಾಜ ವಾಮಂಜೂರು, ಅರವಿಂದ ಬೋಳಾರ್ ಅವರಂತಹ ಕಲಾವಿದರು ನಾಟಕದಲ್ಲಿ ಪಳಗಿಯೇ ತೆರೆಗೆ ಬಂದವರು. ಆದರೆ ನಮ್ಮ ನಾಟಕದ ಹಾಸ್ಯಕ್ಕೆ ಸಭೆಯ ಜೊತೆ ನೇರ ಮಾತುಕತೆಯೇ ಪ್ರಾಣ; ಚಪ್ಪಾಳೆ ಬಿದ್ದರೆ ಮಾತು ಬೆಳೆಯುತ್ತದೆ, ನಟರ ಕಣ್ಣಂಚಿನಲ್ಲಿ ‘ಗೊತ್ತಾಯಿತಲ್ಲ?’ ಎಂಬ ಸನ್ನೆ ಇದ್ದೇ ಇರುತ್ತದೆ. ಅಣಕ ಚಿತ್ರ ಕೇಳುವುದು ಅದಕ್ಕೆ ತೀರಾ ವಿರುದ್ಧವಾದ ಬಿಗಿಯನ್ನು. ಹಾಗಾಗಿ ಇಂತಹ ಚಿತ್ರ ಮಾಡುವವರು ನಾಯಕನ ಪಾತ್ರವನ್ನು ಹಾಸ್ಯನಟರಿಗೆ ಕೊಡದೆ ತಾಳಮದ್ದಳೆಯಲ್ಲಿ ಕರ್ಣನ ಅರ್ಥ ಹೇಳಬಲ್ಲವರಿಗೆ ಕೊಡುವುದು ಒಳ್ಳೆಯದೆಂದು ನನ್ನ ಸಲಹೆ. ತಾವು ರಂಗನಟರು, ಯೋಚಿಸಿ ನೋಡಿ.

ಪ್ರಶ್ನೆ: ನಾನು ಯಾವ ಸೂಪರ್‌ಹೀರೋ ಚಿತ್ರವನ್ನೂ ನೋಡಿದವಳಲ್ಲ. ಇದನ್ನು ನೋಡುವ ಮೊದಲು ಎಷ್ಟು ಸಿದ್ಧತೆ ಬೇಕು?
– ಓದುಗರು, ಮೂಲ್ಕಿ

ಉತ್ತರ: 2002ರ ‘ಸ್ಪೈಡರ್‌ಮ್ಯಾನ್’ ಒಂದು ಸಾಕು. ಅದನ್ನು ನೋಡಿದ ಕೆಲವೇ ದಿನಗಳೊಳಗೆ, ದೃಶ್ಯಗಳು ಮನಸ್ಸಿನಲ್ಲಿ ಹಸಿಯಾಗಿರುವಾಗಲೇ ಇದನ್ನು ನೋಡಿ. ಸಾಧ್ಯವಾದರೆ ನಾಲ್ಕು ಜನರನ್ನು ಜೊತೆಗೆ ಕೂರಿಸಿಕೊಳ್ಳಿ. ಕೊನೆಯಲ್ಲಿ ಹೆಸರುಗಳು ಓಡತೊಡಗಿದಾಗ ಏಳಬೇಡಿ, ಚಿತ್ರದೊಳಗೆ ಜಾಗ ಸಿಗದ ತುಣುಕುಗಳನ್ನು ಅಲ್ಲಿ ಜೋಡಿಸಿದ್ದಾರೆ.