ಬರೀ ‘ಕವಿ’ ಅಂದರೆ ಸಾಲದೇ?

ಪ್ರಿಯ ಓದುಗರೇ,

ಕಳೆದ ಸಂಚಿಕೆಯಲ್ಲಿ ನಾವು ಲೇಖಕರನ್ನು ಪರಿಚಯಿಸಿದ ರೀತಿ ನಿಮಗೆ ಹಿಡಿಸಿಲ್ಲ. ‘ದಲಿತ ಕವಿ’, ‘ಮುಸ್ಲಿಂ ಲೇಖಕಿ’ ಅಂತೆಲ್ಲ ಯಾಕೆ ಬರೆಯುತ್ತೀರಿ, ಬರಹ ಚೆನ್ನಾಗಿದ್ದರೆ ಸಾಲದೇ ಎಂದು ಕೇಳಿದ್ದೀರಿ. ಹೀಗೆ ಗುಂಪು ಕಟ್ಟಿಕೊಂಡೇ ಸಾಹಿತ್ಯ ಕೆಟ್ಟಿತು ಎಂದೂ ಬರೆದಿದ್ದೀರಿ. ಮೊದಲ ಮಾತನ್ನು ಅರ್ಧ ಒಪ್ಪುತ್ತೇನೆ. ಎರಡನೆಯದನ್ನು ಒಪ್ಪಲಾರೆ.

1926ರಲ್ಲಿ ಅಮೆರಿಕದ ಕಪ್ಪು ಕವಿ ಲ್ಯಾಂಗ್‌ಸ್ಟನ್ ಹ್ಯೂಸ್ ಒಂದು ಲೇಖನ ಬರೆದರು. (ನೋಡಿ, ನಾನೂ ಹಣೆಪಟ್ಟಿ ಹಚ್ಚಿದೆ. ಅದಿಲ್ಲದೆ ಮುಂದಿನ ಮಾತು ಅರ್ಥವಾಗುವುದಿಲ್ಲ.) ತರುಣ ಕವಿಯೊಬ್ಬ ತಾನು ಕವಿ ಆಗಬೇಕು, ನೀಗ್ರೋ ಕವಿ ಅಲ್ಲ ಎಂದಿದ್ದನಂತೆ. ಆ ಮಾತಿನ ಒಳಗೆ ಬಿಳಿಯನಾಗುವ ಆಸೆ ಇದೆ ಎಂದರು ಹ್ಯೂಸ್. ನನಗೆ ಆ ತೀರ್ಪು ತುಸು ಜಾಸ್ತಿಯೇ ಆಯಿತು ಅನ್ನಿಸುತ್ತದೆ. ಬಿಳಿಯ ಕವಿಗಳಿಗೆ ಕೇಳದೆಯೇ ಸಿಕ್ಕಿದ್ದನ್ನು ಆ ಹುಡುಗ ಬಾಯಿಬಿಟ್ಟು ಕೇಳಿದ, ಅಷ್ಟೇ. ಅವರನ್ನು ಯಾರೂ ‘ಬಿಳಿ ಕವಿ’ ಅಂತ ಪರಿಚಯಿಸುತ್ತಿರಲಿಲ್ಲ, ಅಲ್ವಾ? ಹಣೆಪಟ್ಟಿ ಕೆಲವರಿಗೆ ಮಾತ್ರ ಅಂಟುತ್ತದೆ. ನನ್ನ ತಕರಾರು ಇರುವುದು ಅಲ್ಲಿ.

ಅದು ಅಂಟಿದರೆ ಏನಾಗುತ್ತದೆ ಎಂದು ಬರೆಯುವವರಿಗೆ ಚೆನ್ನಾಗಿ ಗೊತ್ತು. ಇಂಗ್ಲಿಷ್ ಲೇಖಕಿಯರಾದ ಬ್ರಾಂಟೆ ಸೋದರಿಯರು 1846ರಲ್ಲಿ ತಮ್ಮ ಕವನ ಸಂಕಲನ ತಂದಾಗ, ಗಂಡೋ ಹೆಣ್ಣೋ ತಿಳಿಯದಂಥ ಹೆಸರುಗಳನ್ನು ಇಟ್ಟುಕೊಂಡಿದ್ದರು. ಅಮೆರಿಕದ ಕಪ್ಪು ಕಾದಂಬರಿಕಾರ ಜೇಮ್ಸ್ ಬಾಲ್ಡ್ವಿನ್ ಅವರದು ಇನ್ನೂ ವಿಚಿತ್ರ. ಅವರ ಮೊದಲ ಕಾದಂಬರಿ ನ್ಯೂಯಾರ್ಕಿನ ಹಾರ್ಲೆಮ್‌ನ ಕಪ್ಪು ಕುಟುಂಬವೊಂದರ ಕಥೆ. ಎರಡನೆಯದರಲ್ಲಿ ಪ್ಯಾರಿಸ್ಸು, ಬಿಳಿಯರು, ಗಂಡಸರಿಬ್ಬರ ಪ್ರೇಮ. ಮೊದಲ ಪುಸ್ತಕ ತಂದ ಅಮೆರಿಕದ ಪ್ರಕಾಶಕರು ಇದು ಬೇಡವೆಂದರು. ‘ನಿಮ್ಮವರ’ ಕಥೆ ಬಿಟ್ಟು ಇದೆಲ್ಲ ಯಾಕೆ ಎಂಬ ಧಾಟಿ. 1956ರಲ್ಲಿ ಅದು ಬೇರೆಯವರಿಂದ ಅಚ್ಚಾಯಿತು. ಹುಟ್ಟು, ಬಣ್ಣ, ಪ್ರೀತಿ ಎಲ್ಲವೂ ಅವರ ಬರಹದಲ್ಲಿದ್ದವು. ಆದರೆ ಯಾವುದನ್ನು ಯಾವಾಗ ಬರೆಯಬೇಕು ಎಂದು ಬೇರೆಯವರು ಹೇಳುವುದು ಅವರಿಗೆ ಬೇಕಿರಲಿಲ್ಲ.

ಇನ್ನು ಗುಂಪಿನ ಮಾತು. ಧರ್ಮಸ್ಥಳದ ಸಾಹಿತ್ಯ ಸಮ್ಮೇಳನದಲ್ಲಿ ದಲಿತ ಸಾಹಿತ್ಯಕ್ಕೊಂದು ಗೋಷ್ಠಿ ಕೊಡಿ ಎಂದು ಕೆಲವು ಲೇಖಕರು ಕೇಳಿದ್ದರು. ಕೊಡಲಿಲ್ಲ. ಅದಕ್ಕೆ ಉತ್ತರವಾಗಿ 1979ರಲ್ಲಿ ಬೆಂಗಳೂರಿನಲ್ಲಿ ಬಂಡಾಯ ಸಾಹಿತ್ಯ ಸಮ್ಮೇಳನ ಸೇರಿತು. ಗುಂಪು ಆಗ ಹುಟ್ಟಿತು ಅನ್ನುತ್ತೀರಾ? ಮೊದಲಿನಿಂದಲೂ ಒಂದು ಗುಂಪು ಇತ್ತು. ಯಾರಿಗೆ ವೇದಿಕೆ, ಯಾರ ಪುಸ್ತಕಕ್ಕೆ ವಿಮರ್ಶೆ ಎಂದು ಅದೇ ತೀರ್ಮಾನಿಸುತ್ತಿತ್ತು. ಅದಕ್ಕೆ ಹೆಸರಿರಲಿಲ್ಲ, ಅದರಿಂದ ಕಣ್ಣಿಗೆ ಬೀಳಲಿಲ್ಲ.

ತಮ್ಮಂಥವರ ನಡುವೆ ಕೂತು ಓದುವ ಸುಖವೇ ಬೇರೆ. ಪ್ರತಿ ಸಾಲಿಗೂ ಅಡಿಟಿಪ್ಪಣಿ ಹೇಳಬೇಕಿಲ್ಲ. ಕೇಳುವವರು ಹುಸಿ ಎಲ್ಲಿದೆ ಎಂದು ಥಟ್ಟನೆ ಹಿಡಿಯುತ್ತಾರೆ, ಹೊರಗಿನವರು ಸುಮ್ನೆ ಮರುಕದಿಂದ ಚಪ್ಪಾಳೆ ತಟ್ಟಿಬಿಡುತ್ತಾರೆ. ಆದರೆ ಆ ಕೂಟವೂ ಒಂದು ದಿನ ‘ನಮ್ಮ ನೋವು ಎಲ್ಲಿ?’ ಎಂದು ಲೆಕ್ಕ ಕೇಳಲು ಶುರುಮಾಡಬಹುದು. ಆಗ ಬಾಲ್ಡ್ವಿನ್‌ಗೆ ಪ್ರಕಾಶಕರು ಹೇಳಿದ್ದಕ್ಕೂ ಇದಕ್ಕೂ ಜಾಸ್ತಿ ಫರಕು ಉಳಿಯುವುದಿಲ್ಲ.

ಮುಂದಿನ ಸಂಚಿಕೆಯಿಂದ ಪರಿಚಯದ ಸಾಲುಗಳನ್ನು ಲೇಖಕರೇ ಬರೆದುಕೊಡುತ್ತಾರೆ. ದಲಿತ ಕವಿ ಎಂದು ಹೆಮ್ಮೆಯಿಂದ ಬರೆದರೆ ಹಾಗೇ ಅಚ್ಚಾಗುತ್ತದೆ. ಬರೀ ಹೆಸರು ಸಾಕೆಂದರೆ ಹೆಸರಷ್ಟೇ. ಮಹಿಳಾ ವಿಶೇಷಾಂಕ ಬಂದಾಗ ಮಾತ್ರ ಲೇಖಕಿಯರಿಗೆ ಫೋನು ಮಾಡುವ ಪದ್ಧತಿ ನಮ್ಮಲ್ಲಿ ಇಲ್ಲ, ಮುಂದೆಯೂ ಇರುವುದಿಲ್ಲ.

– ಸಂಪಾದಕ