ಪಾರ್ಶ್ವವಾಯುವಿನ ನಂತರದ ಸುಸ್ತನ್ನು ಅಳೆಯುವ ಪರೀಕ್ಷೆ ಇದೆಯೇ?

ಲಕ್ವ ಹೊಡೆದು ನಾಲ್ಕು ತಿಂಗಳಾದ ನಿಮ್ಮ ತಂದೆಯವರು ಈಗ ನಡೆದಾಡುತ್ತಿದ್ದರೂ ಸ್ನಾನ ಮುಗಿಸುವಷ್ಟರಲ್ಲೇ ‘ಸುಸ್ತು’ ಎಂದು ಮಲಗಿಬಿಡುತ್ತಾರೆ, ಇದನ್ನು ಅಳೆಯುವ ಪರೀಕ್ಷೆ ಇದೆಯೇ ಎಂದು ಕೇಳಿದ್ದೀರಿ. ಮೈಸೂರಿನಲ್ಲಿದ್ದು ಮಂಡ್ಯದ ಕಡೆಯ ಮನೆಗಳಿಗೂ ಹೋಗಿ ಫಿಸಿಯೋಥೆರಪಿ ಮಾಡಿಸುವವನಾಗಿ ಹೇಳುತ್ತೇನೆ: ರಕ್ತಪರೀಕ್ಷೆಯಾಗಲಿ ಸ್ಕ್ಯಾನ್ ಆಗಲಿ ಸುಸ್ತನ್ನು ಅಳೆಯುವುದಿಲ್ಲ. ರೋಗಿಯನ್ನೇ ಕೇಳಬೇಕು; ಕೇಳುವ ಬಗೆಯಲ್ಲಿಯೇ ನಾವು ಎಡವುವುದು.

ನಮ್ಮ ಕಡೆ ಸುಸ್ತು ಎಂದರೆ ಕೈಕಾಲಿನಲ್ಲಿ ಬಲವಿಲ್ಲ ಎಂದೂ ಆಗಬಹುದು, ಹಗಲಿನಲ್ಲಿ ನಿದ್ದೆ ಒತ್ತಿಕೊಂಡು ಬರುತ್ತದೆ ಎಂದೂ ಆಗಬಹುದು, ಯಾವುದರಲ್ಲೂ ಮನಸ್ಸಿಲ್ಲ ಎಂದೂ ಆಗಬಹುದು. ಇವುಗಳ ಜೊತೆ ಬೆರೆತಿರಬಹುದಾದರೂ ಪಾರ್ಶ್ವವಾಯುವಿನ ನಂತರದ ಬಳಲಿಕೆ ಬೇರೆಯೇ: ಮಾಡುವ ಮನಸ್ಸಿದ್ದರೂ ಅಲ್ಪ ಕೆಲಸಕ್ಕೇ ಮೈಯೋ ಬುದ್ಧಿಯೋ ಸೋತುಹೋಗುತ್ತದೆ, ವಿಶ್ರಾಂತಿ ಪಡೆದರೂ ಪೂರ್ತಿ ನೀಗುವುದಿಲ್ಲ. ಲಘುವಾದ ಪಾರ್ಶ್ವವಾಯುವಿನಿಂದ ಚೇತರಿಸಿಕೊಂಡವರಲ್ಲೂ ಇದು ಉಳಿಯಬಹುದು. ಆದ್ದರಿಂದ ಸೋಮಾರಿತನವೆಂದು ಗದರಬೇಡಿ.

ಹೆಚ್ಚು ಬಳಕೆಯಲ್ಲಿರುವ ‘ಫಟೀಗ್ ಸಿವಿಯರಿಟಿ ಸ್ಕೇಲ್’ (ಬಳಲಿಕೆಯ ತೀವ್ರತೆಯ ಮಾಪಕ) ಎಂಬ ಪ್ರಶ್ನಾವಳಿಯಲ್ಲಿ ಕಳೆದ ಒಂದು ವಾರದ ಕುರಿತು 9 ಹೇಳಿಕೆಗಳಿದ್ದು, ಒಂದೊಂದಕ್ಕೂ 1ರಿಂದ (ಒಪ್ಪುವುದೇ ಇಲ್ಲ) 7ರವರೆಗೆ (ಪೂರ್ತಿ ಒಪ್ಪುತ್ತೇನೆ) ಅಂಕ ಕೊಡಬೇಕು, ಸರಾಸರಿ 4 ಅಥವಾ ಅದಕ್ಕಿಂತ ಹೆಚ್ಚಾದರೆ ಗಮನಾರ್ಹ ಬಳಲಿಕೆಯೆಂದು ಸಾಮಾನ್ಯವಾಗಿ ಎಣಿಸುತ್ತಾರೆ. ಆದರೆ 1989ರಲ್ಲಿ ಪ್ರಕಟವಾದ ಈ ಮಾಪಕವನ್ನು ರೂಪಿಸಿದ್ದು ಮಲ್ಟಿಪಲ್ ಸ್ಕ್ಲೆರೋಸಿಸ್ (ಮಿದುಳು, ಬೆನ್ನುಹುರಿಯ ಕಾಯಿಲೆ) ಮತ್ತು ಲೂಪಸ್ (ರೋಗನಿರೋಧಕ ಶಕ್ತಿ ದೇಹದ ಮೇಲೆಯೇ ತಿರುಗಿಬೀಳುವ ಕಾಯಿಲೆ) ರೋಗಿಗಳಿಗಾಗಿ; ನಮ್ಮ ರೋಗಿಗಳಿಗೆ ಅದರ ಪ್ರಶ್ನೆಗಳು ಕೆಲವೊಮ್ಮೆ ಹೊಂದುವುದಿಲ್ಲ. ಬಳಲಿಕೆಯಿಂದ ಕೆಲಸಕ್ಕೆ ಅಡ್ಡಿಯಾಗುತ್ತಿದೆಯೇ ಎಂದು ಕಬ್ಬು ಬೆಳೆಯುತ್ತಿದ್ದ ಹಿರಿಯರೊಬ್ಬರನ್ನು ಕೇಳಿದಾಗ, “ಗದ್ದೆಗೆ ಹೋಗೋದೇ ಬಿಟ್ಟಿವ್ನಿ, ಇನ್ನೆಲ್ಲಿ ಅಡ್ಡಿ?” ಎಂದು 1 ಅಂಕ ಕೊಟ್ಟರು. ಲೆಕ್ಕದಲ್ಲಿ ಅವರಿಗೆ ತೊಂದರೆಯೇ ಇರಲಿಲ್ಲ!

ಹಾಗಾಗಿ ಅಂಕದ ಜೊತೆಗೆ ಒಂದು ವಾರದ ದಿನಚರಿಯನ್ನೂ ಬರೆದಿಡಿ. ಎಷ್ಟು ಹೊತ್ತಿಗೆ ಏನು ಮಾಡಿದರು, ಯಾವಾಗ ಸೋತರು, ಎಷ್ಟು ಮಲಗಿದ ಮೇಲೆ ಎದ್ದರು, ನಾಲ್ಕು ಜನ ಬಂದು ಮಾತನಾಡಿಸಿದ ದಿನ ಹೇಗಿದ್ದರು ಎಂಬುದೆಲ್ಲ ಅದರಲ್ಲಿರಲಿ. ಮಾತು ತೊಡರುತ್ತಿದ್ದರೆ ಅವರ ಪರವಾಗಿ ನೀವು ಉತ್ತರಿಸದೆ, ಏಣಿಯ ಚಿತ್ರ ಬರೆದು ಸುಸ್ತು ಎಷ್ಟಿದೆಯೋ ಆ ಮೆಟ್ಟಿಲನ್ನು ತೋರಿಸಲು ಹೇಳಿ. ಮಾತಿನ ಚಿಕಿತ್ಸೆಗೆ ಮೈಸೂರಿನ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯಿದೆ.

ಆ ದಿನಚರಿಯೊಂದಿಗೆ ಎಲ್ಲ ಮಾತ್ರೆಗಳನ್ನೂ ವೈದ್ಯರಿಗೆ ತೋರಿಸಿ. ರಕ್ತಹೀನತೆ, ಥೈರಾಯ್ಡ್, ಸೋಡಿಯಂ ಕೊರತೆ, ಖಿನ್ನತೆ, ಗೊರಕೆಯೊಂದಿಗೆ ಉಸಿರು ಕಟ್ಟುವ ನಿದ್ದೆ ಇವೆಲ್ಲವೂ ಬಳಲಿಕೆಯನ್ನು ಹೆಚ್ಚಿಸುತ್ತವೆ, ಚಿಕಿತ್ಸೆಗೂ ಒಗ್ಗುತ್ತವೆ. ಬಿ.ಪಿ. ಮತ್ತು ಫಿಟ್ಸ್‌ನ ಕೆಲವು ಮಾತ್ರೆಗಳೂ ಕಾರಣವಾಗಬಹುದು, ಆದರೆ ವೈದ್ಯರು ಹೇಳದೆ ಒಂದನ್ನೂ ನಿಲ್ಲಿಸಬೇಡಿ.